ಚೌಕಳಿ ಹಾಳೆಯಲ್ಲಿ ಕಂಡ ಸಂಖ್ಯಾವಿನ್ಯಾಸ ಹಾಳೆ ಮುಗಿದ ಮೇಲೂ ಮುಂದುವರಿಯುತ್ತದೆಯೇ?

ಪ್ರಶ್ನೆ: ಗಣಿತ ಶಿಕ್ಷಕಿ, ಸೋಮವಾರಪೇಟೆ ತಾಲ್ಲೂಕು

ಮಳೆ ರಜೆಯಲ್ಲಿ ಮಾಡಿಕೊಂಡು ಬರಲೆಂದು ಏಳನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಚೌಕಳಿ ಹಾಳೆಯ ಮೂಲೆಯ ಒಂದು ಮನೆಗೆ ಬಣ್ಣ ತುಂಬಿ, ಅದನ್ನು ಎರಡು ಬದಿಗಳಿಂದ ಬಳಸುವ ಮೂರು ಮನೆಗಳಿಗೆ ಬೇರೆ ಬಣ್ಣ, ಆಮೇಲೆ ಐದಕ್ಕೆ, ಏಳಕ್ಕೆ ಹೀಗೆ ತುಂಬುತ್ತ ಹೋಗಿ ಪ್ರತಿ ಸಲವೂ ಒಟ್ಟು ಎಷ್ಟಾಯಿತೆಂದು ಬರೆಯಬೇಕಿತ್ತು. 1, 4, 9, 16, 25 ಎಂದು ಎಲ್ಲರೂ ಸರಿಯಾಗಿಯೇ ಬರೆದು ತಂದರು. ಆದರೆ ಒಬ್ಬ ಹುಡುಗಿ, "ಮಿಸ್, ಹಾಳೆ ಮುಗಿದ ಮೇಲೂ ಹೀಗೇ ಬರುತ್ತದೆ ಎಂದು ಹೇಗೆ ಗೊತ್ತು?" ಎಂದು ಕೇಳಿದಳು. ಬೀಜಗಣಿತಕ್ಕೆ ಈಗಷ್ಟೇ ಕಾಲಿಟ್ಟವಳಿಗೆ ಸೂತ್ರ ಬರೆದು ತೋರಿಸಲು ಮನಸ್ಸು ಬರಲಿಲ್ಲ. ಚಿತ್ರದಲ್ಲಿಯೇ ಕಾರಣ ಕಾಣಿಸುವುದು ಹೇಗೆ?

ಉತ್ತರ: ನಿವೃತ್ತ ಉಪನ್ಯಾಸಕ, ಮಡಿಕೇರಿ

ಕೊನೆಯದಾಗಿ ಬಣ್ಣ ತುಂಬಿದ ಪಟ್ಟಿಯೊಂದನ್ನೇ ನೋಡಲು ಹೇಳಿ ಮೇಡಂ. ಮೂಲೆಯಲ್ಲಿ ಒಂದು ಮನೆ, ಅದರಿಂದ ಚಾಚಿದ ಎರಡು ತೋಳು. ಒಳಗಿನ ಚೌಕದ ಬದಿ ನಾಲ್ಕಿದ್ದರೆ ಒಂದೊಂದು ತೋಳಿಗೂ ನಾಲ್ಕೇ ಮನೆ. ಹಾಗಾಗಿ 4+4+1, ಅಂದರೆ 9. ಬದಿ ನೂರಿದ್ದರೂ 100+100+1 ಎನ್ನಲು ಹಾಳೆ ಬೇಕಾಗಿಲ್ಲ. ಬದಿ ಒಂದು ಹೆಚ್ಚಿದಾಗಲೆಲ್ಲ ತೋಳುಗಳೆರಡೂ ಒಂದೊಂದು ಮನೆ ಬೆಳೆಯುವುದರಿಂದ ಮುಂದಿನ ಬೆಸ ಸಂಖ್ಯೆಯ ಹೊರತು ಬೇರೇನೂ ಬರುವಂತಿಲ್ಲ.

ಇದಾದ ಮೇಲೆ ಪಟ್ಟಿಯ ಅಗಲವನ್ನೇ 1, 2, 3 ಎಂದು ಹೆಚ್ಚಿಸಿ ನೋಡಿ. ಮೂರು ಮನೆ ಅಗಲದ ಪಟ್ಟಿ 3×3ರ ಮೂರು ಚೌಕಗಳಾಗಿ ಒಡೆಯುತ್ತದೆ. ಮೂರೂ ಪಟ್ಟಿಗಳ ಮನೆಗಳು, ಅಂದರೆ 1, 2, 3ರ ಘನಗಳಾದ 1+8+27, ಕೂಡಿ 36, ಅಂದರೆ 1+2+3ರ ವರ್ಗ. ಘನಗಳ ಮೊತ್ತದ ಈ ನಿಯಮವನ್ನು ಆರ್ಯಭಟ ಕ್ರಿ.ಶ. 499ರಲ್ಲಿಯೇ ಹೇಳಿದ್ದಾನೆ.

ಉತ್ತರ: ಕಾಫಿ ಬೆಳೆಗಾರ, ಗೋಣಿಕೊಪ್ಪ

ಇದು ನಮ್ಮ ತೋಟದ ಲೆಕ್ಕವೂ ಹೌದು. ಸಮತಟ್ಟಾದ ಜಾಗದಲ್ಲಿ ಸಾಲಿಗೆ 20ರಂತೆ 20 ಸಾಲು ರೊಬಸ್ಟಾ ಇದ್ದು, ಎರಡು ಬದಿಗೆ ಒಂದೊಂದು ಸಾಲು ಸೇರಿಸಬೇಕೆಂದರೆ 41 ಗುಂಡಿ ತೆಗೆಸಬೇಕು. ಮೂಲೆಯದನ್ನು ಮರೆತು 40 ಸಸಿ ತಂದವರು ಇನ್ನೊಮ್ಮೆ ನರ್ಸರಿಗೆ ಹೋಗಬೇಕಾಗುತ್ತದೆ.

ಉತ್ತರ: ಎಂ.ಎಸ್ಸಿ. ವಿದ್ಯಾರ್ಥಿನಿ, ವಿರಾಜಪೇಟೆ

ಆ ಹುಡುಗಿಯ ಅನುಮಾನ ಬಹಳ ಬೆಲೆಯುಳ್ಳದ್ದು. ಅವಳಿಗೆ ನಡುವೆ ಮುರಿದುಬೀಳುವ ವಿನ್ಯಾಸವನ್ನೂ ಕೊಡಿ. ಆಯತ ಬರೆದು ಕರ್ಣ ಎಳೆದರೆ ಗೆರೆ ಎಷ್ಟು ಮನೆಗಳೊಳಗೆ ಹಾದುಹೋಗುತ್ತದೆ? 2×3ರಲ್ಲಿ 4, 3×4ರಲ್ಲಿ 6, 3×5ರಲ್ಲಿ 7. ಎರಡೂ ಬದಿ ಕೂಡಿ ಒಂದು ಕಳೆದರಾಯಿತು ಎಂದು ತರಗತಿಯೆಲ್ಲ ಒಪ್ಪಿಕೊಂಡಾಗ 4×6 ಎಳೆಯಲು ಹೇಳಿ. ಬರಬೇಕಾದ 9ರ ಬದಲು 8 ಬರುತ್ತದೆ. ಗೆರೆ ಅಡ್ಡಗೆರೆಯನ್ನೋ ಉದ್ದಗೆರೆಯನ್ನೋ ದಾಟಿದಾಗಲೆಲ್ಲ ಹೊಸ ಮನೆ ಸಿಗುತ್ತದೆ. 4×6ರ ನಟ್ಟನಡುವೆ ಮಾತ್ರ ಅದು ನಾಲ್ಕು ಮನೆಗಳು ಕೂಡುವ ಬಿಂದುವಿನಲ್ಲೇ ಹಾದು, ಎರಡು ಗೆರೆಗಳನ್ನು ಒಟ್ಟಿಗೆ ದಾಟಿ, ಒಂದೇ ಹೊಸ ಮನೆಗೆ ಇಳಿಯುತ್ತದೆ. ಕಳೆಯಬೇಕಾದದ್ದು ಒಂದನ್ನಲ್ಲ, ಬದಿಗಳ ಮ.ಸಾ.ಅ.ವನ್ನು, ಅಂದರೆ ಎರಡೂ ಬದಿಗಳನ್ನು ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆಯನ್ನು. ಪೆನ್ಸಿಲ್ ಚೂಪಾಗಿರಲಿ, ದಪ್ಪ ಗೆರೆ ಎಣಿಕೆ ಕೆಡಿಸುತ್ತದೆ.

ಪ್ರಶ್ನೆ ಕೇಳಿದವರು

ಎರಡನ್ನೂ ಮಾಡಿಸಿದೆ. ಒಳಗಿನ ಚೌಕವನ್ನು ಅಂಗೈಯಿಂದ ಮುಚ್ಚಿಕೊಂಡು ತೋಳುಗಳನ್ನಷ್ಟೇ ನೋಡಿದ ಹುಡುಗಿ, "ಇದು ನಿಲ್ಲುವುದೇ ಇಲ್ಲ" ಎಂದಳು. ಕರ್ಣದ ಸರದಿ ಬಂದಾಗ 6×9ಕ್ಕೆ ಮೊದಲೇ 12 ಎಂದು ಅಂಚಿನಲ್ಲಿ ಬರೆದಿಟ್ಟು, ಆಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದಳು.