ಡಾಲರ್ ಕೆಲಸ ಹಿಡೀಲೋ, ಸೈಟ್ ಇಂಜಿನಿಯರ್ ಆಗೇ ಇರ್ಲೋ?

ಸೇಡಂ ರೋಡ್ ಸಿವಿಲ್:
ಎಲ್ಲರಿಗೂ ನಮಸ್ಕಾರ್ರಿ. ನಾ ಕಲಬುರಗಿಯ ಪಿಡಿಎ ಕಾಲೇಜಿನಾಗ ಸಿವಿಲ್ ಮುಗಿಸಿದಾಕಿ. ಇಲ್ಲೇ ಒಬ್ಬ ಬಿಲ್ಡರ್ ಹತ್ರ ಸೈಟ್ ಇಂಜಿನಿಯರ್ ಅದೀನಿ, ಪಗಾರ 18 ಸಾವಿರ. ಹೋದ ವರ್ಷದಿಂದ ರಾತ್ರಿ ಕೂತು ಅಮೆರಿಕದ ಒಬ್ಬ ಕಾಂಟ್ರ್ಯಾಕ್ಟರ್‌ಗ ಕ್ವಾಂಟಿಟಿ ಟೇಕ್‌ಆಫ್, ಅಂದ್ರ ನಕ್ಷೆ ನೋಡಿ ಸಾಮಾನಿನ ಲೆಕ್ಕ, ಮಾಡಿಕೊಡ್ಲಕತ್ತೀನಿ. ತಾಸಿಗೆ 8 ಡಾಲರ್. ಅವರ ಮನಿ ಎಲ್ಲಾ ಕಟ್ಟಿಗಿ ಫ್ರೇಮಿನವು, ಗ್ವಾಡಿಯೊಳಗ 16 ಇಂಚಿಗೊಂದು ಸ್ಟಡ್, ಅಂದ್ರ ನಿಲ್ಸಿದ ಕಟ್ಟಿಗಿ. ಪಿಡಿಎಫ್ ನಕ್ಷೆ ನೋಡಿ ಎಷ್ಟು ಸ್ಟಡ್, ಅದರ ಮ್ಯಾಲ ಹೊಡಿಯೋ ಜಿಪ್ಸಂ ಹಲಗಿ (ಡ್ರೈವಾಲ್ ಶೀಟ್) ಎಷ್ಟು ಅಂತ ಲೆಕ್ಕ ತೆಗೆದು ಕಳಿಸ್ಬೇಕು. ಕಾಲಂ, ಸ್ಲ್ಯಾಬ್, ಶಹಾಬಾದ ಪರ್ಸಿ ಬಿಟ್ಟು ಬ್ಯಾರೆ ನೋಡದ ನನಗ ಇದು ಖರೇನೇ ಖುಷಿ ಕೊಟ್ಟದ.

ಆದ್ರ ಒಂದು ತಿಂಗಳ ಕಮಿಷನ್ ಕಳೆದು 36 ಸಾವಿರ ಬಂದ್ರ, ಮುಂದಿನ ತಿಂಗಳ ಬರೇ 9 ಸಾವಿರ. ಮಾಲೀಕರು 20 ಮಾಡ್ತೀನಿ ಅಂದಾರ. ಅಪ್ಪ ನಮ್ಮ ಕಲ್ಯಾಣ ಕರ್ನಾಟಕದೋರಿಗೆ 371(ಜೆ) ಮೀಸಲಾತಿ ಅದಲ್ಲ, ಸರ್ಕಾರಿ ಜೂನಿಯರ್ ಇಂಜಿನಿಯರ್ (ಜೆಇ) ಪರೀಕ್ಷೆಗೆ ಕುಂದ್ರು ಅಂತಾನ. ಬೆಂಗಳೂರಿಗೆ ಹೋಗೋ ಮಾತಿಲ್ಲ, ಅವ್ವಗ ಆರಾಮಿಲ್ಲ. ಹಗಲು ಸೈಟ್, ರಾತ್ರಿ ಸ್ಕ್ರೀನ್, ಎರಡೂ ಇನ್ನ ನಡ್ಯಂಗಿಲ್ಲ. ಯಾವುದು ಬಿಡ್ಲಿ?

ಬೀದರ ರೆವಿಟ್:
ತಂಗಿ, ನಾ ಬೀದರದಾಗ ಕೂತು ಭಾಳ ವರ್ಷದಿಂದ ಇದೇ ಮಾಡ್ಲಕತ್ತೀನಿ. ತಾಸಿನ ರೇಟ್ ನೋಡಿ ತೀರ್ಮಾನ ಮಾಡಬ್ಯಾಡ. ಕೆಲಸ ಹುಡುಕೋ ತಾಸು, ಪ್ರಪೋಸಲ್ ಬರಿಯೋ ತಾಸು, ಕ್ಲೈಂಟ್ ಉತ್ತರಕ್ಕ ಕಾಯೋ ತಾಸು, ಇವಕ್ಕ ಯಾರೂ ರೊಕ್ಕ ಕೊಡಂಗಿಲ್ಲ. ಮ್ಯಾಲ ಆನ್‌ಲೈನ್ ಕೆಲಸ ಕೊಡಿಸೋ ವೆಬ್‌ಸೈಟಿನೋರ ಕಮಿಷನ್. ಅಪ್‌ವರ್ಕ್‌ನಾಗ 2023ರಿಂದ ಎಲ್ಲರಿಗೂ 10% ಇತ್ತು, 2025ರಿಂದ ಕೆಲಸ ನೋಡಿ 0ಯಿಂದ 15% ತನಕ. ಫೈವರ್ 20% ಹಿಡೀತದ. ಪಿಎಫ್ ಇಲ್ಲ, ರಜಾ ಇಲ್ಲ.

ಅದಕ್ಕಿಂತ ದೊಡ್ಡ ಮಾತು ಬ್ಯಾರೆ ಅದ. ನಿನ್ನ 8 ಡಾಲರ್ ಠರಾವ್ ಮಾಡೋದು ಕಲಬುರಗಿ ಬಜಾರ ಅಲ್ಲ. ಮನಿಲಾದಾಗ, ಢಾಕಾದಾಗ, ಲಾಹೋರಿನಾಗ ಇದೇ ಪಿಡಿಎಫ್ ಓದೋ ಹುಡುಗರು 5ಕ್ಕ ಒಪ್ತಾರ. ತಾನೇ ಅಳತೆ ತೆಗೆಯೋ ಎಐ ಸಾಫ್ಟ್‌ವೇರ್‌ಗಳೂ ಬಂದಾವ. ಬರೇ ಡ್ರಾಫ್ಟಿಂಗ್ ಮಾಡೋ ತನಕ ನಾ 6 ಡಾಲರ್ ದಾಟ್ಲಿಲ್ಲ. ಆಸ್ಪತ್ರಿ ಕಟ್ಟಡದ ಡಕ್ಟ್, ಪೈಪ್, ಬೀಮ್ ಎಲ್ಲಾ ನೇವಿಸ್‌ವರ್ಕ್ಸ್ ಅನ್ನೋ ಸಾಫ್ಟ್‌ವೇರ್‌ನಾಗ ಕೂಡಿಸಿ, ಎಲ್ಲಿ ಒಂದಕ್ಕೊಂದು ತಾಗ್ತಾವ ಅಂತ ಹುಡುಕೋದು ಕಲ್ತ ಮ್ಯಾಲ 18 ಸಿಕ್ತು. ಆ ಕೆಲಸಕ್ಕ ಅಗ್ಗದ ಹುಡುಗ ಲಗೂ ಸಿಗಂಗಿಲ್ಲ. ಒಬ್ಬನೇ ಕ್ಲೈಂಟ್ ಇರೋ ತನಕ ನೌಕರಿ ಬಿಡಬ್ಯಾಡ.

ಸೂಪರ್ ಮಾರ್ಕೆಟ್ ಆಫೀಸ್:
ನಾ ಆ ಕಡೆಯ ಮಾಲೀಕ್ರಿ. ಸಣ್ಣ ಡಿಸೈನ್ ಆಫೀಸ್ ನಡಸ್ತೀನಿ. ನನ್ನ ಹತ್ರ ಇದ್ದ ಇಬ್ಬರು ಡ್ರಾಫ್ಟ್ಸ್‌ಮನ್‌ಗ 14 ಸಾವಿರ ಕೊಡ್ತಿದ್ದೆ. ಇಬ್ಬರೂ ಆನ್‌ಲೈನ್ ಕೆಲಸ ಹಿಡಿದು ಹೋದ್ರು. ಈಗ ಹೊಸಬರಿಗೆ 22 ಕೊಡ್ಲಕತ್ತೀನಿ, ಅದು ಅವರ ಹಕ್ಕು. ಆದ್ರ ಊರಾಗ ಮನಿ ಕಟ್ಟೋರು ಚದರಡಿಗೆ ಕೊಡೋ ಫೀಸ್ ಏರಿಲ್ಲ, ಹಿಂಗಾಗಿ ಮೂರನೇ ಹುಡುಗನ್ನ ತಗೊಳ್ಳಕ ಆಗ್ಲಿಲ್ಲ. ಇದ್ದೋರ ಪಗಾರ ಏರ್ತು, ಮೂರನೇ ಕುರ್ಚಿ ಬರ್ಲೇ ಇಲ್ಲ.

ಅಕ್ಕೋರ, ನಮ್ಮ ಎರಿ ಮಣ್ಣು ಮಳಿಗಾಲದಾಗ ಉಬ್ತದ, ಬ್ಯಾಸಿಗ್ಯಾಗ ಬಿರಿತದ. ಅದರಾಗ ಪಾಯ ಎಷ್ಟು ಆಳಕ್ಕ ಇಳಿಸ್ಬೇಕು, ಯಾವಾಗ ಅಂಡರ್ ರೀಮ್ಡ್ ಪೈಲ್ (ತಳದಾಗ ಅಗಲ ಮಾಡಿದ ಕಾಂಕ್ರೀಟ್ ಕಂಬದ ಪಾಯ) ಬೇಕು ಅನ್ನೋದು ಸೈಟಿನಾಗ ನಿಂತೋರಿಗೇ ಬರ್ತದ. ನಾಲ್ಕೈದು ವರ್ಷ ಕಟ್ಟಿಗಿ ಮನಿ ಎಣಿಸಿ ವಾಪಸ್ ಬಂದ್ರ ನನ್ನಂಥವರು ಆ ಅನುಭವ ಹಿಡಿಯಂಗಿಲ್ಲ, ಹೊಸಬರ ಪಗಾರದಿಂದಲೇ ಶುರು. ನೀವು ಮಾಲೀಕರಿಗೆ ಅರ್ಧ ದಿನದ ಕೆಲಸ ಕೇಳ್ರಿ. ಮುಂಜಾನೆ ಸೈಟ್, ಮಧ್ಯಾಹ್ನ ನಿದ್ದಿ. ನ್ಯೂಯಾರ್ಕಿನಾಗ ಮುಂಜಾನೆ ಒಂಬತ್ತು ಅಂದ್ರ ನಮಗ ಸಂಜಿ ಆರೂವರಿ, ಅವರ ಚಳಿಗಾಲದಾಗ ಏಳೂವರಿ. ನಡು ರಾತ್ರಿ ತನಕ ಕುಂದ್ರೋದು ಬೇಕಾಗಂಗಿಲ್ಲ. ನಮ್ಮ ಆಫೀಸಿನಾಗ ಒಬ್ಬಾಕಿ ಹಿಂಗೇ ಮಾಡ್ತಾಳ, 12 ಸಾವಿರ ಕೊಡ್ತೀನಿ.

ಜಗತ್ ಸರ್ಕಲ್ ಲೆಕ್ಕ:
ಒಂದೇ ಮಾತು. ಡಾಲರ್ ಎಷ್ಟೇ ಸಣ್ಣದಿರ್ಲಿ, ಐಟಿ ರಿಟರ್ನ್ ಹಾಕ್ರಿ. ಇಂಜಿನಿಯರಿಂಗ್ ವೃತ್ತಿಗೆ ಅಂದಾಜು ಲಾಭದ ಪದ್ಧತಿ ಅದ, ಬಂದಿದ್ರಾಗ ಅರ್ಧ ಲಾಭ ಅಂತ ತೋರಿಸಿದ್ರ ಸಾಕು, ಖರ್ಚಿನ ಪುಸ್ತಕ ಬ್ಯಾಡ. ವರ್ಷದ ವಹಿವಾಟು 20 ಲಕ್ಷದೊಳಗ ಇದ್ರ ಜಿಎಸ್‌ಟಿ ನೋಂದಣಿನೂ ಕಡ್ಡಾಯ ಇಲ್ಲ. ನಾಳೆ ಮನಿ ಸಾಲಕ್ಕ ಹೋದ್ರ ಪಗಾರ ಚೀಟಿ ಇಲ್ಲದೋರಿಗೆ ಬ್ಯಾಂಕಿನೋರು ಎರಡು ಮೂರು ವರ್ಷದ ರಿಟರ್ನ್ ಕೇಳ್ತಾರ.

ಸೇಡಂ ರೋಡ್ ಸಿವಿಲ್:
ಅರ್ಧ ದಿನದ ಮಾತು ಮನಸ್ಸಿಗೆ ಬಂತು ಸರ್ರ. ಸೋಮವಾರ ಕೇಳ್ತೀನಿ, ಒಪ್ಪಿದ್ರ ಜೆಇ ಪರೀಕ್ಷೆಗೂ ಮಧ್ಯಾಹ್ನ ಓದಬಹುದು. ಬೀದರ ಅಣ್ಣಾರ, ನೇವಿಸ್‌ವರ್ಕ್ಸ್ ಕಲಿಯೋಕ 8 ಜಿಬಿ ಲ್ಯಾಪ್‌ಟಾಪ್ ಸಾಲ್ತದೇನ್ರಿ?

ಬೀದರ ರೆವಿಟ್:
ಸಾಲಂಗಿಲ್ಲ ತಂಗಿ, ದೊಡ್ಡ ಮಾಡೆಲ್ ತೆಗೆದ್ರ ನಿಂತೇ ಬಿಡ್ತದ. 16 ಬೇಕು. ಈಗ ರ‍್ಯಾಮ್ ಅಷ್ಟೇ ಏರಿಸು, ಹೊಸಾ ಮಷಿನ್ ಎರಡನೇ ಕ್ಲೈಂಟ್ ಸಿಕ್ಕ ಮ್ಯಾಲ ತಗೊ.