ದರೋಜಿಯಲ್ಲೂ ಜಾತ್ರೆಯಲ್ಲೂ ಚಿತ್ರ ಅಲುಗಿ ಬರುತ್ತಿದೆ: ಯಾವ ಮೊನೊಪಾಡ್ ಕೊಳ್ಳಬೇಕು?

ಪ್ರಶ್ನೆ (ಗಂಗಾವತಿ, ಕೊಪ್ಪಳ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1.5 ಕ್ರಾಪ್ ಸೆನ್ಸರಿನ (ದೃಶ್ಯವನ್ನು ಒಂದೂವರೆ ಪಟ್ಟು ಹತ್ತಿರ ತೋರಿಸುವ ಚಿಕ್ಕ ಸೆನ್ಸರ್) ನಿಕಾನ್ ಡಿಎಸ್‌ಎಲ್‌ಆರ್ ಮತ್ತು ಸಿಗ್ಮಾ 150–600 ಮಿ.ಮೀ. ಕಂಟೆಂಪರರಿ ಜೂಮ್ ಲೆನ್ಸ್ ಇವೆ. ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಿಂದ ಕರಡಿಗಳನ್ನು ತೆಗೆಯುವುದು ಮತ್ತು ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರಿನ ಚಿತ್ರ ತೆಗೆಯುವುದು ನನಗೆ ಬಹಳ ಇಷ್ಟ. ಎರಡೂ ಕಡೆ ಜನ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವುದರಿಂದ ಟ್ರೈಪಾಡಿನ ಮೂರು ಕಾಲು ಹರಡಲು ಜಾಗವೇ ಇರುವುದಿಲ್ಲ. ಹಾಗಾಗಿ ಸ್ನೇಹಿತರೊಬ್ಬರ ಮೊನೊಪಾಡ್ (ಒಂದೇ ಕಾಲಿನ ಆಸರೆ ಕೋಲು) ತಂದು ಬಳಸಿ ನೋಡಿದೆ, ಆದರೂ ಚಿತ್ರಗಳು ಮಸುಕಾಗಿಯೇ ಬಂದವು.

ದರೋಜಿಯಲ್ಲಿ ಸಂಜೆ 600 ಮಿ.ಮೀ.ನಲ್ಲಿ, 1/160 ಸೆಕೆಂಡಿನಲ್ಲಿ ತೆಗೆದ ಚಿತ್ರದಲ್ಲಿ ಕರಡಿಯ ಕೂದಲೂ ಪಕ್ಕದ ಬಂಡೆಯ ಅಂಚೂ ಎಡದಿಂದ ಬಲಕ್ಕೆ ಒರೆಸಿದಂತೆ ಕಾಣುತ್ತವೆ. ಅದೇ ದಿನ ಮೂರು ಗಂಟೆಯ ಬಿಸಿಲಿನಲ್ಲಿ 1/1600ರಲ್ಲಿ ತೆಗೆದದ್ದೂ ಸ್ಪಷ್ಟವಾಗಿಲ್ಲ. ಜಾತ್ರೆಯಲ್ಲಿ ಬೇರೆ ಚಿಕ್ಕ ಲೆನ್ಸಿನಿಂದ 1/60ರಲ್ಲಿ ತೆಗೆದ ಚಿತ್ರಗಳಲ್ಲಿ ತೇರಿನ ಮೇಲೆ ಎಸೆದ ಉತ್ತತ್ತಿಗಳೆಲ್ಲ ಗೆರೆಗಳಾಗಿವೆ. ಇದರ ಜೊತೆಗೆ, ಕೋಲಿನ ಮೇಲೆ ಕ್ಯಾಮೆರಾ ಕೂರುವ, ಎಲ್ಲ ದಿಕ್ಕಿಗೂ ತಿರುಗುವ ಬಾಲ್ ಹೆಡ್ಡನ್ನು ಎಷ್ಟು ಬಿಗಿ ಮಾಡಿದರೂ ಲೆನ್ಸಿನ ಮೂತಿ ಮೆಲ್ಲಗೆ ಕೆಳಕ್ಕೆ ಬಾಗುತ್ತದೆ. ಹೆಚ್ಚು ಬೆಲೆಯ ಮೊನೊಪಾಡ್ ಕೊಂಡರೆ ಇವೆಲ್ಲ ಸರಿಹೋಗುತ್ತವೆಯೇ? ಕೆಳಗೆ ಮೂರು ಪುಟ್ಟ ಕಾಲುಗಳಿರುವ ಮೊನೊಪಾಡುಗಳೂ ಬರುತ್ತವೆ. ಅವು ಹೇಗೆ?

ಉತ್ತರ (ಬಳ್ಳಾರಿ)

ಸರ್, ನೀವು ವಿವರವಾಗಿ ಬರೆದದ್ದು ಒಳ್ಳೆಯದಾಯಿತು. ನಿಮ್ಮ ಮೂರು ಚಿತ್ರಗಳಲ್ಲಿ ಇರುವುದು ಮೂರು ಬೇರೆ ಬೇರೆ ದೋಷಗಳು. ಅವುಗಳಲ್ಲಿ ಒಂದನ್ನು ಮಾತ್ರ ಮೊನೊಪಾಡ್ ಸರಿಪಡಿಸಬಲ್ಲದು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಇವನ್ನು ಬಿಡಿಸಿ ನೋಡೋಣ.

ಉತ್ತತ್ತಿಯ ಚಿತ್ರದಿಂದ ಶುರುಮಾಡುತ್ತೇನೆ. ತೇರಿನ ಕಟ್ಟಿಗೆಯ ಕೆತ್ತನೆಯೂ ನಿಂತ ಜನರ ಮುಖಗಳೂ ಸ್ಪಷ್ಟವಾಗಿದ್ದು, ಗಾಳಿಯಲ್ಲಿರುವ ಉತ್ತತ್ತಿ ಮಾತ್ರ ಗೆರೆಯಾಗಿದ್ದರೆ ಅಲುಗಿದ್ದು ಕ್ಯಾಮೆರಾ ಅಲ್ಲ, ವಸ್ತು. ಚಲಿಸುವ ವಸ್ತುವನ್ನು ನಿಲ್ಲಿಸುವುದು ಶಟರ್ ವೇಗವೇ ಹೊರತು ಯಾವ ಕೋಲೂ ಅಲ್ಲ. 1/500ಕ್ಕೆ ಏರಿಸಿ, ಅದಕ್ಕೆ ಬೇಕಾದಷ್ಟು ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಹೆಚ್ಚಿಸಿಕೊಳ್ಳಿ. ನನ್ನ ಕಣ್ಣಿಗೆ ಆ ಗೆರೆಗಳು ಚೆನ್ನಾಗಿಯೇ ಕಾಣುತ್ತವೆ, ತೇರು ಎಳೆಯುವ ಹೊತ್ತಿನ ಸಡಗರ ಅವುಗಳಲ್ಲೇ ಇದೆ. ಆ ತೀರ್ಮಾನ ನಿಮ್ಮದು.

ಮೂರು ಗಂಟೆಯ ಚಿತ್ರದ ವಿಷಯ ಬೇರೆ. 1/1600ರಲ್ಲಿ, ಅದೂ ಲೆನ್ಸಿನ ಓಎಸ್ (ಅಲುಗಾಟ ತಗ್ಗಿಸುವ ವ್ಯವಸ್ಥೆ) ಚಾಲನೆಯಲ್ಲಿರುವಾಗ, ಕೈ ಅಲುಗಿದ್ದರಿಂದ ಇಷ್ಟು ಮಸುಕಾಗುವ ಸಂಭವ ಕಡಿಮೆ. ಚಿತ್ರವನ್ನು ನೂರಕ್ಕೆ ನೂರು ಗಾತ್ರದಲ್ಲಿ ತೆರೆದು ಬಂಡೆಯ ಅಂಚನ್ನು ನೋಡಿ. ಅಂಚು ಒಂದೇ ದಿಕ್ಕಿಗೆ ಎಳೆದಂತಿರದೆ ಅಲೆಅಲೆಯಾಗಿದ್ದರೆ, ಒಂದರ ಹಿಂದೆ ಒಂದು ತೆಗೆದ ಚಿತ್ರಗಳಲ್ಲಿ ಆ ಅಲೆಯ ಆಕಾರ ಬದಲಾಗುತ್ತಿದ್ದರೆ, ಅದು ಕಾದ ನೆಲದಿಂದ ಏಳುವ ಬಿಸಿಗಾಳಿಯ ಕೆಲಸ. ನಮ್ಮ ಕಡೆಯ ಬಂಡೆಗಳು ಬೆಳಗಿನಿಂದ ಕಾದಿರುತ್ತವೆ. ನಿಮಗೂ ಕರಡಿಗೂ ನಡುವಿನ ಗಾಳಿ ಬಿಸಿತಂಪಾಗಿ ಕದಡಿದಾಗ ಬೆಳಕು ಅಡ್ಡಾದಿಡ್ಡಿ ಬಾಗುತ್ತದೆ, ದೂರ ಹೆಚ್ಚಿದಷ್ಟೂ ದೋಷ ಹೆಚ್ಚುತ್ತದೆ. ಇದಕ್ಕೆ ಮೊನೊಪಾಡ್, ಟ್ರೈಪಾಡ್, ಹೊಸ ಲೆನ್ಸ್ ಯಾವುದೂ ಮದ್ದಲ್ಲ. ಬಿಸಿಲು ಇಳಿಯುವವರೆಗೆ ಕಾಯುವುದು, ಸಾಧ್ಯವಾದರೆ ಹತ್ತಿರದ ಪ್ರಾಣಿಯನ್ನೇ ತೆಗೆಯುವುದು, ಇವಿಷ್ಟೇ ದಾರಿ.

ಇನ್ನು ಸಂಜೆಯ ಕರಡಿ. ಕೂದಲೂ ಬಂಡೆಯೂ ಒಂದೇ ದಿಕ್ಕಿಗೆ ಒರೆಸಿದಂತಿರುವುದರಿಂದ ಇಲ್ಲಿ ಕ್ಯಾಮೆರಾ ಅಲುಗಿದ್ದು ನಿಜ, ಮೊನೊಪಾಡಿಗೆ ಕೆಲಸವಿರುವುದೂ ಇಲ್ಲೇ. ನಿಮ್ಮ ಸೆನ್ಸರಿನ ಲೆಕ್ಕದಲ್ಲಿ 600 ಮಿ.ಮೀ. ಎಂದರೆ 900 ಮಿ.ಮೀ.ಗೆ ಸಮಾನ ನೋಟ. ಬರಿಗೈಯಲ್ಲಿ ಹಿಡಿದರೆ ಶಟರ್ ಸಮಯ ಒಂದರ ಕೆಳಗೆ ಆ ಮಿ.ಮೀ. ಸಂಖ್ಯೆಯಷ್ಟಿರಬೇಕೆಂಬ ಹಳೆಯ ರೂಢಿಯಂತೆ ಸುಮಾರು 1/1000 ಸೆಕೆಂಡ್ ಬೇಕು. ಒಳ್ಳೆಯ ಮೊನೊಪಾಡ್ ಸರಿಯಾಗಿ ಬಳಸಿದವರಿಗೆ ಎರಡು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಅನುಕೂಲ ಕೊಡುತ್ತದೆಂದು ಹಿಡಿದರೆ 1/250 ಸಾಕಾಗುತ್ತದೆ. ಆ ಲೆನ್ಸ್ 600ರಲ್ಲಿ ಎಫ್/6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲವಾದ್ದರಿಂದ ಈ ಎರಡು ಸ್ಟಾಪ್ ಬಹಳ ಬೆಲೆಯುಳ್ಳದ್ದು: 6400 ಐಎಸ್‌ಒ ಬೇಕಾಗಿದ್ದ ಬೆಳಕಿನಲ್ಲಿ 1600ರಲ್ಲೇ ಕೆಲಸವಾಗುತ್ತದೆ, ಕರಡಿಯ ಕಪ್ಪು ಕೂದಲಿನ ಎಳೆಗಳು ನಾಯ್ಸ್ ಎಂಬ ಚುಕ್ಕೆಗಳಲ್ಲಿ ಕರಗುವುದಿಲ್ಲ.

ಒರೆತ ಎಡಬಲಕ್ಕೆ ಇದೆಯೆಂದು ನೀವು ಗಮನಿಸಿದ್ದೇ ಮುಖ್ಯ ಸುಳಿವು. ಮೊನೊಪಾಡ್ ಮೇಲೆ ಕೆಳಗೆ ಆಗುವ ಅಲುಗಾಟವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ತನ್ನ ಸುತ್ತ ತಾನೇ ತಿರುಗುವುದನ್ನು ತಡೆಯಲಾರದು. ಅದನ್ನು ನಿಮ್ಮ ಮೈಯೇ ತಡೆಯಬೇಕು. ಎರಡು ಕಾಲುಗಳನ್ನು ಹೆಗಲಿನಷ್ಟು ಅಗಲಿಸಿ, ಕೋಲಿನ ತುದಿಯನ್ನು ಒಂದು ಅಡಿಯಷ್ಟು ಮುಂದೆ ಊರಿ, ಕೋಲು ನಿಮ್ಮ ಕಡೆಗೆ ವಾಲುವಂತೆ ಮಾಡಿ, ಅದರ ಮೇಲೆ ಸ್ವಲ್ಪ ಭಾರ ಬಿಡಿ. ಎಡಗೈಯನ್ನು ಲೆನ್ಸಿನ ಕೆಳಗೆ ಹಿಡಿಯುವ ಬದಲು, ಕಾಲರಿಗಿಂತ (ಕೋಲಿಗೆ ಕೂರಿಸಲು ಲೆನ್ಸಿನ ಸುತ್ತ ಇರುವ ಬಳೆ) ಮುಂದೆ ಲೆನ್ಸಿನ ಮೇಲೆ ಅಂಗೈ ಇಟ್ಟು ಒತ್ತಿ. ಮೊಣಕೈಗಳು ಪಕ್ಕೆಗೆ ಅಂಟಿರಲಿ. ವ್ಯೂಫೈಂಡರ್ ಹುಬ್ಬಿಗೆ ತಾಗಿರಲಿ. ಓಎಸ್ ಒಂದನೆಯ ಮೋಡ್‌ನಲ್ಲಿರಲಿ. ಎರಡನೆಯದು ಪ್ಯಾನಿಂಗ್‌ಗೆಂದು (ಓಡುವ ವಸ್ತುವಿನ ಜೊತೆ ಕ್ಯಾಮೆರಾ ತಿರುಗಿಸಲು) ಇರುವುದು, ಅಡ್ಡ ಅಲುಗಾಟವನ್ನು ಅದು ಬೇಕೆಂದೇ ಬಿಟ್ಟುಬಿಡುತ್ತದೆ. ಶಟರನ್ನು ಅರ್ಧ ಒತ್ತಿ, ನೋಟ ನೆಲೆನಿಂತ ಮೇಲೆ ಮೂರು ನಾಲ್ಕು ಚಿತ್ರಗಳನ್ನು ಒಟ್ಟಿಗೆ ತೆಗೆಯಿರಿ. ಮೊದಲನೆಯದು ಬೆರಳಿನ ಒತ್ತಡಕ್ಕೆ ಅಲುಗಿದ್ದರೂ ನಡುವಿನವು ಉಳಿಯುತ್ತವೆ.

ವೀಕ್ಷಣಾ ಗೋಪುರದಲ್ಲಿ ಪಕ್ಕದವರು ನಡೆದಾಡಿದರೆ ನೆಲವೇ ನಡುಗುತ್ತದೆ, ಆ ನಡುಕ ಕೋಲಿನ ಮೂಲಕ ನೇರವಾಗಿ ಲೆನ್ಸಿಗೆ ಏರುತ್ತದೆ. ಅವರು ನಿಲ್ಲುವವರೆಗೆ ಕಾಯಿರಿ. ಒರಗಿಸಲು ಕಟ್ಟೆಯಿದ್ದರೆ, ಬಟ್ಟೆಯ ಚೀಲಕ್ಕೆ ಮುಕ್ಕಾಲು ಭಾಗ ಅಕ್ಕಿ ತುಂಬಿ ಅದರ ಮೇಲೆ ಲೆನ್ಸ್ ಕೂರಿಸುವುದು ಮೊನೊಪಾಡಿಗಿಂತಲೂ ಮೇಲು. ಗಂಗಾವತಿಯಲ್ಲಿ ಇರುವವರಿಗೆ ಅಕ್ಕಿಗೇನು ಬರ.

ಪ್ರಶ್ನೆ ಕೇಳಿದವರು (ಗಂಗಾವತಿ)

ತುಂಬಾ ಧನ್ಯವಾದಗಳು ಸರ್. ನೀವು ಹೇಳಿದಂತೆ ಹಿಗ್ಗಿಸಿ ನೋಡಿದೆ, ಮಧ್ಯಾಹ್ನದ ಚಿತ್ರಗಳಲ್ಲಿ ಬಂಡೆಯ ಅಂಚು ಒಂದೊಂದರಲ್ಲಿ ಒಂದೊಂದು ರೀತಿ ಬಾಗಿದೆ. ನಿಂತುಕೊಳ್ಳುವ ರೀತಿಯನ್ನು ಕಾಂಪೌಂಡ್ ಗೋಡೆಗೆ ದಿನಪತ್ರಿಕೆಯ ಹಾಳೆ ಅಂಟಿಸಿ ಪರೀಕ್ಷಿಸಿದೆ. ಅಂಗೈಯನ್ನು ಲೆನ್ಸಿನ ಮೇಲೆ ಒತ್ತಿದಾಗ 1/250ರಲ್ಲಿ ಸಣ್ಣ ಅಕ್ಷರಗಳೂ ಓದಲು ಬಂದವು. ಆದರೆ ಈ ಮೊನೊಪಾಡಿನ ಕೊನೆಯ ಕೊಳವೆ ಬೆರಳಿಗಿಂತ ಸಣ್ಣದಾಗಿದ್ದು, ಭಾರ ಬಿಟ್ಟಾಗ ಬಾಗುವುದು ಕಣ್ಣಿಗೇ ಕಾಣುತ್ತದೆ. ಮೂತಿ ಬಾಗುವುದೂ ನಿಂತಿಲ್ಲ. ಹೊಸದು ಕೊಳ್ಳುವಾಗ ಏನು ನೋಡಲಿ? ಇಟಗಿಯ ಮಹಾದೇವ ದೇವಾಲಯದ ಒಳಗೂ ಅದನ್ನೇ ಬಳಸಬಹುದೇ?

ಉತ್ತರ (ಬಳ್ಳಾರಿ)

ಮೂತಿ ಬಾಗುವುದಕ್ಕೆ ಕಾರಣ ಬಾಲ್ ಹೆಡ್. ಆ ಲೆನ್ಸ್ ಒಂದೇ 1.93 ಕಿಲೋ ಇದೆ, ಕ್ಯಾಮೆರಾ ಸೇರಿದರೆ ಎರಡೂವರೆ ಕಿಲೋ ಆಸುಪಾಸಿಗೆ ಬರುತ್ತದೆ. ಲೆನ್ಸಿಗೆ ಕಾಲರ್ ಇರುವುದರಿಂದ ನಿಮಗೆ ಬಾಲ್ ಹೆಡ್ ಬೇಕಾಗಿಯೇ ಇಲ್ಲ. ಮುಂದಕ್ಕೂ ಹಿಂದಕ್ಕೂ ಮಾತ್ರ ಬಾಗುವ ಟಿಲ್ಟ್ ಹೆಡ್ ತೆಗೆದುಕೊಳ್ಳಿ. ಪಕ್ಕಕ್ಕೆ ತಿರುಗಿಸಲು ಕೋಲನ್ನೇ ತಿರುಗಿಸಿದರಾಯಿತು, ಚಿತ್ರವನ್ನು ಉದ್ದಕ್ಕೆ ತೆಗೆಯಲು ಕಾಲರನ್ನು ಸಡಿಲಿಸಿ ತಿರುಗಿಸಿದರಾಯಿತು. ಹೆಡ್ಡಿಗೆ ಆರ್ಕಾ ಸ್ವಿಸ್ ಮಾದರಿಯ ಕ್ಲಾಂಪ್ (ಪ್ಲೇಟನ್ನು ಕಚ್ಚಿ ಹಿಡಿಯುವ ಭಾಗ) ಇರಲಿ. ಕಾಲರಿನ ಪಾದಕ್ಕೆ ಉದ್ದನೆಯ ಪ್ಲೇಟ್ ಹಾಕಿ ಹಿಂದೆ ಮುಂದೆ ಸರಿಸಿದರೆ ಭಾರ ಸಮತೋಲಕ್ಕೆ ಬರುತ್ತದೆ, ಆಗ ಬಿಗಿ ಮಾಡದಿದ್ದರೂ ಮೂತಿ ಇದ್ದಲ್ಲೇ ಇರುತ್ತದೆ. ಹೆಡ್ ಕೂರುವ ತಿರುಪುಮೊಳೆ 3/8 ಇಂಚಿನದೋ 1/4 ಇಂಚಿನದೋ ಎಂದು ಕೊಳ್ಳುವಾಗಲೇ ಹೊಂದಿಸಿ ನೋಡಿ. ಅನೇಕ ಮೊನೊಪಾಡುಗಳಲ್ಲಿ ಅದನ್ನು ತಿರುಗಿಸಿ ಎರಡಕ್ಕೂ ಬಳಸಬಹುದು.

ಕೋಲಿನ ಭಾರ ಹೊರುವ ಶಕ್ತಿ ನಿಮ್ಮ ಸಲಕರಣೆಯ ತೂಕದ ಎರಡರಷ್ಟಾದರೂ ಇರಬೇಕು, ಏಕೆಂದರೆ ನೀವು ಮೇಲಿನಿಂದ ಒತ್ತುವ ಭಾರವೂ ಅದಕ್ಕೆ ಸೇರುತ್ತದೆ. ಐದು ಭಾಗದ್ದು ಮಡಚಿದಾಗ ಚಿಕ್ಕದಾದರೂ ಕೊನೆಯ ಕೊಳವೆ ಬಹಳ ಸಣ್ಣದಾಗುವುದರಿಂದ ನಾಲ್ಕು ಭಾಗದ್ದನ್ನೇ ಆರಿಸಿ. ಅರ್ಧ ಮೀಟರಿನ ಆಸುಪಾಸಿನ ಕೋಲು ಬೈಕಿನ ಮೇಲೆ ಒಯ್ಯಲು ಏನೂ ತೊಂದರೆಯಿಲ್ಲ. ಎತ್ತರ ನಿಮ್ಮ ಕಣ್ಣಿನ ಮಟ್ಟಕ್ಕೆ ಬಂದರೆ ಸಾಲದು, ಸ್ವಲ್ಪ ಹೆಚ್ಚೇ ಇರಲಿ. ಆನೆಗೊಂದಿಯ ಗುಡ್ಡಗಳಲ್ಲಿ ಮೆಟ್ಟಿಲ ಮೇಲೆ ನಿಂತು ಕೋಲನ್ನು ಕೆಳಗಿನ ಮೆಟ್ಟಿಲಿಗೆ ಊರಬೇಕಾದಾಗ ಆ ಒಂದು ಗೇಣು ಬಹಳ ಉಪಯೋಗಕ್ಕೆ ಬರುತ್ತದೆ.

ಅಂಗಡಿಯಲ್ಲಿ ಎಲ್ಲ ಭಾಗಗಳನ್ನೂ ಪೂರ್ತಿ ಎಳೆದು ಬಿಗಿ ಮಾಡಿ, ಎರಡೂ ಅಂಗೈ ಮೇಲಿಟ್ಟು ನಿಧಾನವಾಗಿ ಮೈಭಾರ ಬಿಡಿ. ಯಾವುದಾದರೂ ಭಾಗ ಒಳಕ್ಕೆ ಜಾರಿದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಆಮೇಲೆ ಕೋಲಿನ ಮೇಲ್ತುದಿಯನ್ನು ಹಿಡಿದು ತಿರುಚಿ ನೋಡಿ, ಭಾಗಗಳು ಒಂದರೊಳಗೊಂದು ತಿರುಗಬಾರದು. ನಿಮ್ಮ ಒರೆತ ಅಡ್ಡಕ್ಕೆ ಇರುವುದರಿಂದ ಈ ಪರೀಕ್ಷೆ ನಿಮಗೆ ಎಲ್ಲಕ್ಕಿಂತ ಮುಖ್ಯ.

ಮೂರು ಪುಟ್ಟ ಕಾಲುಗಳಿರುವುದು ವಿಡಿಯೊ ತೆಗೆಯುವವರಿಗೆ ಒಳ್ಳೆಯದು. ಅದನ್ನು ಟ್ರೈಪಾಡ್ ಎಂದುಕೊಂಡು ಕೈಬಿಟ್ಟರೆ ಲೆನ್ಸ್ ನೆಲಕ್ಕೆ ಬೀಳುತ್ತದೆ. ಇಳಿಜಾರು ಬಂಡೆಯ ಮೇಲಂತೂ ಆ ಕಾಲುಗಳು ಸಮವಾಗಿ ಕೂರುವುದೇ ಇಲ್ಲ. ನಿಮಗೆ ಅದು ಬೇಡ.

ಇಟಗಿಯ ದೇವಾಲಯ 1112ರದು. ಕಡೆದ ಕಂಬಗಳ ನುಣುಪನ್ನು ಹಿಡಿಯಲು ಫ್ಲ್ಯಾಶಿಗಿಂತ ಬಾಗಿಲಿನಿಂದ ಬರುವ ಬೆಳಕೇ ಚೆಂದ, ಕಂಬಗಳು ಅಲುಗುವುದೂ ಇಲ್ಲ. ನಿಮ್ಮ ಕ್ಯಾಮೆರಾದಲ್ಲಿ 18 ಮಿ.ಮೀ.ಗೆ ಬರಿಗೈಯಲ್ಲಿ 1/30 ಬೇಕಾದರೆ, ಮೊನೊಪಾಡಿನ ಜೊತೆ 1/8ರವರೆಗೆ ಇಳಿಯಬಹುದು. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕು. ಮೊನೊಪಾಡ್ ಕೈಯಲ್ಲಿದ್ದರೂ ಅಲ್ಲಿನ ಸಿಬ್ಬಂದಿಯನ್ನು ಮೊದಲೇ ಕೇಳಿ ಒಳಗೆ ಹೋಗಿ. ದಯವಿಟ್ಟು ಕಬ್ಬಿಣದ ಮೊನೆಯನ್ನು ಒಳಕ್ಕೆ ತಿರುಗಿಸಿ ರಬ್ಬರ್ ತುದಿಯನ್ನೇ ಬಳಸಿ, ಕಂಬಗಳಿಗೆ ಕೋಲನ್ನು ಒರಗಿಸಬೇಡಿ. ಒಂಬತ್ತು ನೂರು ವರ್ಷ ಉಳಿದ ನುಣುಪಿಗೆ ನಮ್ಮಿಂದ ಒಂದು ಗೀರೂ ಬೀಳಬಾರದು.

ಉತ್ತರ (ರಾಯಚೂರು)

ಮೇಲಿನವರು ಎಲ್ಲವನ್ನೂ ಹೇಳಿದ್ದಾರೆ, ಲಾಕ್ ವಿಚಾರವಾಗಿ ಇಷ್ಟು ಸೇರಿಸುತ್ತೇನೆ. ತಿರುಗಿಸಿ ಬಿಗಿ ಮಾಡುವ ಲಾಕ್ ನೋಡಲು ಅಚ್ಚುಕಟ್ಟಾಗಿದ್ದರೂ ಸಂಡೂರಿನ ಕೆಂಪು ಅದಿರಿನ ಧೂಳು ಒಳಗೆ ಸೇರಿದರೆ ಕರಕರ ಎನ್ನುತ್ತದೆ, ಕ್ರಮೇಣ ಹಿಡಿತ ತಪ್ಪುತ್ತದೆ. ಪಟ್ಟಿಯನ್ನು ಮಡಚಿ ಬಿಗಿ ಮಾಡುವ ಲಾಕ್ ಒರೆಸಲು ಸುಲಭ, ಬಿಗಿಯಾಗಿದೆಯೋ ಇಲ್ಲವೋ ಎಂಬುದು ಕತ್ತಲಲ್ಲೂ ಬೆರಳಿಗೆ ತಿಳಿಯುತ್ತದೆ. ಯಾವುದೇ ಇರಲಿ, ತಿರುಗಾಡಿ ಬಂದ ಮೇಲೆ ಭಾಗಗಳನ್ನು ಒಳಕ್ಕೆ ತಳ್ಳುವ ಮೊದಲು ಒಣಬಟ್ಟೆಯಿಂದ ಒರೆಸಿ. ಹೊಲದ ಎರೆಮಣ್ಣು ತುದಿಗೆ ಮೆತ್ತಿದ್ದರೆ ತೊಳೆದು, ಪೂರ್ತಿ ಒಣಗಿಸಿ ಮಡಚಿ. ಲಾಕಿಗೆ ಎಣ್ಣೆ ಹಾಕಬೇಡಿ. ಎಣ್ಣೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೊಳವೆಯೂ ಜಾರುತ್ತದೆ.

ಕಾರ್ಬನ್ ಕೊಂಡರೆ ಸ್ವಲ್ಪ ಹಗುರ, ಅಷ್ಟೇ. ಅಲ್ಯೂಮಿನಿಯಂ ಸಾಕು, ಆದರೆ ನಮ್ಮ ಏಪ್ರಿಲ್ ಮೇ ಬಿಸಿಲಿಗೆ ಬರಿಗೈಯಲ್ಲಿ ಮುಟ್ಟಲಾಗದಷ್ಟು ಕಾಯುತ್ತದೆ. ಮೇಲಿನ ಭಾಗಕ್ಕೆ ದಪ್ಪ ಫೋಮ್ ಹಿಡಿ ಇರುವುದನ್ನೇ ಆರಿಸಿ.

ಪ್ರಶ್ನೆ ಕೇಳಿದವರು (ಗಂಗಾವತಿ)

ಇಬ್ಬರಿಗೂ ಧನ್ಯವಾದಗಳು. ನಾಲ್ಕು ಭಾಗದ, ಮಡಚುವ ಲಾಕಿನ ಅಲ್ಯೂಮಿನಿಯಂ ಕೋಲನ್ನು ಮೈಭಾರ ಬಿಟ್ಟು ಪರೀಕ್ಷಿಸಿಯೇ ಕೊಂಡೆ, ಟಿಲ್ಟ್ ಹೆಡ್ಡನ್ನೂ ಉದ್ದದ ಪ್ಲೇಟನ್ನೂ ತಂದೆ. ಲೆನ್ಸಿನ ಮೂತಿ ಈಗ ಬಾಗುತ್ತಿಲ್ಲ. ದರೋಜಿಯಲ್ಲಿ ಸಂಜೆ 1/250, ಐಎಸ್‌ಒ 1600ರಲ್ಲಿ ತೆಗೆದ ಚಿತ್ರಗಳಲ್ಲಿ, ಕರಡಿ ಬಂಡೆ ನೆಕ್ಕುವುದನ್ನು ನಿಲ್ಲಿಸಿ ತಲೆಯೆತ್ತಿದ ಕ್ಷಣದವು ಸ್ಪಷ್ಟವಾಗಿವೆ, ಕರಡಿಯ ಮೂತಿಯ ಮೇಲಿನ ಬಿಳಿ ಕೂದಲುಗಳನ್ನು ಬಿಡಿಬಿಡಿಯಾಗಿ ನೋಡಬಹುದು. ತಲೆಯಾಡಿಸುತ್ತಿದ್ದಾಗ ತೆಗೆದವುಗಳಲ್ಲಿ ಬಂಡೆ ಸ್ಪಷ್ಟ, ತಲೆ ಮಾತ್ರ ಮಸುಕು. ಅವುಗಳಿಗೆ ಮುಂದಿನ ಸಲ 1/500 ಇಟ್ಟು ನೋಡುತ್ತೇನೆ.