ಅಪ್‌ಡೇಟ್: 107ಕ್ಕೆ ಸರಿಯಾಗಿ ನಿಂತಿತು!

ಪೈಥಾನ್‌ನಲ್ಲಿ ಬರೆದ ನನ್ನ ಟ್ಯೂರಿಂಗ್ ಯಂತ್ರದಲ್ಲಿ 4 ಸ್ಥಿತಿಗಳ ಬ್ಯುಸಿ ಬೀವರ್ 107 ಹೆಜ್ಜೆಗೆ ಯಾಕೆ ನಿಲ್ಲುತ್ತಿಲ್ಲ ಅಂತ ಕೇಳಿದ್ದೆ. (ಟ್ಯೂರಿಂಗ್ ಯಂತ್ರ ಅಂದ್ರೆ ಸಾಲು ಮನೆಗಳ ಟೇಪ್ ಮೇಲೆ ಹೆಡ್ ಒಂದು ಪ್ರತಿ ಹೆಜ್ಜೆಗೂ ಒಂದು ಮನೆಯ 0 ಅಥವಾ 1 ಓದಿ, ಬರೆದು, ತನ್ನ ಸ್ಥಿತಿಯ ನಿಯಮದಂತೆ ಎಡಕ್ಕೋ ಬಲಕ್ಕೋ ಸರಿಯುವ ಸರಳ ಕಂಪ್ಯೂಟರ್ ಮಾದರಿ. ಬ್ಯುಸಿ ಬೀವರ್ ಅಂದ್ರೆ ಅಷ್ಟೇ ಸ್ಥಿತಿಗಳಿರುವ, ಬರೀ 0 ಇರುವ ಟೇಪಿನಿಂದ ಶುರುವಾಗಿ ಕೊನೆಗೆ ನಿಲ್ಲುವ ಯಂತ್ರಗಳಲ್ಲಿ ಅತಿ ಹೆಚ್ಚು ಹೆಜ್ಜೆ ಓಡುವುದು.) ತಪ್ಪು ಸಿಕ್ಕಿತು. ನೀವು ಹೇಳಿದಂತೆ ಹಾಳೆಯ ಮೇಲೆ ಒಂದೊಂದೇ ಹೆಜ್ಜೆ ಬರೆದು ನೋಡಿದೆ. ಮೂರನೇ ಹೆಜ್ಜೆಗೇ ಹೆಡ್ ಶುರುವಿನ ಮನೆಯಿಂದ ಎಡಕ್ಕೆ ಹೋಗುತ್ತದೆ, ಅಂದರೆ ಇಂಡೆಕ್ಸ್ (ಮನೆಯ ಸಂಖ್ಯೆ) -1, ಆದರೆ ನಾನು ಟೇಪ್ ಇಟ್ಟಿದ್ದ ಪೈಥಾನ್ ಲಿಸ್ಟ್‌ನಲ್ಲಿ -1 ಅಂದ್ರೆ ಕೊನೆಯ ಮನೆ ಅಲ್ವಾ, ಹಾಗಾಗಿ ಎರರ್ ಕೂಡ ಕೊಡದೆ ಸುಮ್ನೆ 0 ಬದಲು ಬಲತುದಿಯ 1 ಓದಿಬಿಡುತ್ತಿತ್ತು. ಈಗ ಟೇಪನ್ನು ಎರಡು ಸ್ಟ್ಯಾಕ್ (ಒಂದು ತುದಿಯಿಂದಷ್ಟೇ ಹಾಕಿ ತೆಗೆಯುವ ಪಟ್ಟಿ) ಮಾಡಿದ್ದೇನೆ, ಹೆಡ್‌ನ ಎಡಕ್ಕೊಂದು, ಬಲಕ್ಕೊಂದು. ಸ್ಟ್ಯಾಕ್ ಖಾಲಿಯಾದರೆ 0 ಅಂತ ಓದುತ್ತದೆ. 107ಕ್ಕೆ ನಿಂತಿತು, ಟೇಪ್ ಮೇಲೆ ಹದಿಮೂರು 1! ತುಂಬಾ ಖುಷಿಯಾಯಿತು. 5 ಸ್ಥಿತಿಯದ್ದನ್ನೂ ಓಡಿಸಿದೆ: 4,71,76,870 ಹೆಜ್ಜೆ. 5 ಸ್ಥಿತಿಯ ಯಂತ್ರಗಳಲ್ಲಿ ಅದಕ್ಕಿಂತ ಜಾಸ್ತಿ ಓಡಿ ಕೊನೆಗೆ ನಿಲ್ಲುವಂಥದ್ದು ಇಲ್ಲ ಅಂತ ಸಾಬೀತಾದದ್ದು 2024ರಲ್ಲಷ್ಟೇ.